ಉಪ್ಪಿಲ್ಲದ ಪೊಟ್ಟಣ

ಎದುರುಮನೆ ಅಕ್ಕನ ಬಲಗೈ ಹೆಬ್ಬೆರಳ ತುದಿ ಸುಟ್ಟು ಸುಟ್ಟು ದಡ್ಡುಗಟ್ಟಿತ್ತು. ಪ್ಲಾಸ್ಟಿಕ್ ಚೀಲದ ಬಾಯಿಯನ್ನು ಗರಗಸದ ಬ್ಲೇಡಿಗೆ ಮಡಚಿ, ಮೇಣದಬತ್ತಿಯ ಉರಿಗೆ ಸರ್ರನೆ ತೋರಿಸಿ, ಬಿಸಿ ಆರುವ ಮೊದಲೇ ಬೆರಳಿಂದ ಒತ್ತುವುದು ಅವರ ಕ್ರಮ. "ಅದಕ್ಕೊಂದು ಮೆಷಿನ್ ಬರ್ತದೆ ಅಕ್ಕ, ತರಿಸಿಕೊಡ್ತೇನೆ" ಅಂದರೆ, "ನನ್ನ ಬೆರಳಿಗೆ ಕರೆಂಟು ಬೇಡ ಮಾರಾಯ್ತಿ" ಅನ್ನುತ್ತಿದ್ದರು.

ನಮ್ಮದು ಡೊಂಬಿವಲಿಯ ಹಳೇ ಬಿಲ್ಡಿಂಗು, ಮೂರನೇ ಮಾಳಿಗೆ. ಮೇ ತಿಂಗಳಲ್ಲಿ ಕಾರಿನಲ್ಲಿ ಊರಿಗೆ ಹೊರಡುವವರೆಲ್ಲ ಹಿಂದಿನ ದಿನ ಅವರ ಬಾಗಿಲು ತಟ್ಟುವುದು ವಾಡಿಕೆಯಾಗಿತ್ತು. ಹುರಿದ ಅವಲಕ್ಕಿ, ನೆಲಗಡಲೆ, ಹೆಸರುಹಿಟ್ಟಿನ ಉಂಡೆ, ಶುಂಠಿಬೆಲ್ಲ, ಬಾಟಲಿಯಲ್ಲಿ ಪುನರ್ಪುಳಿ ಶರಬತ್ತು. ಕರಿದದ್ದು ಒಂದು ತುಣುಕೂ ಇಲ್ಲ. ನನ್ನ ಮಗ ವೇಫರ್ಸ್ ಬೇಕೆಂದು ಹಿಂದಿಯಲ್ಲಿ ರಾಗ ಎಳೆದರೆ, "ಘಾಟಿಯಲ್ಲಿ ಕಾರಿಕೊಂಡರೆ ಒರೆಸುವುದು ನಿನ್ನ ಅಮ್ಮ. ಹೊಟ್ಟೆ ಹಗುರ ಇದ್ದರೆ ದಾರಿ ಗಿಡ್ಡ" ಎಂದು ಅವನ ಬಾಯಿಗೇ ಒಂದು ಉಂಡೆ ತುರುಕುತ್ತಿದ್ದರು. ತಲೆಗೊಂದು ಪೊಟ್ಟಣ, ಪ್ರತಿಯೊಂದರೊಳಗೆ ಅದನ್ನು ಎಲ್ಲಿ ಒಡೆಯಬೇಕೆಂಬ ಚೀಟಿ: ಪನ್ವೇಲ್, ಮಹಾಡ್, ಕಣಕವಲಿ, ಕಾರವಾರ. ಎಲ್ಲಿ ಟ್ರಾಫಿಕ್ಕು, ಯಾವ ತಿರುವಿನಲ್ಲಿ ಮಕ್ಕಳಿಗೆ ಹೊಟ್ಟೆ ತೊಳಸುತ್ತದೆ, ಎಲ್ಲವೂ ಅವರಿಗೆ ಬಾಯಿಪಾಠ. ಊರಿಂದ ವಾಪಸು ಬಂದವರನ್ನು ಮೆಟ್ಟಿಲಲ್ಲೇ ನಿಲ್ಲಿಸಿ ಕೇಳಿ ಕಲಿತದ್ದು. ಮದುವೆಯಾಗಿ ರೈಲಿನಲ್ಲಿ ಬಂದವರು, ಆ ರಸ್ತೆಯನ್ನು ಅವರು ಒಂದು ಸಲವೂ ನೋಡಿರಲಿಲ್ಲ.

ನೋಡುವುದಾದರೂ ಹೇಗೆ? ಒಳಕೋಣೆಯಲ್ಲಿ ಅವರ ಅತ್ತೆ ಲಕ್ವ ಹೊಡೆದು ಮಲಗಿದ್ದರು. ಸೊಸೆಯ ಕೈಯಿಂದಲ್ಲದೆ ಬೇರೆ ಯಾರು ಕೊಟ್ಟರೂ ಬಾಯಿ ಬಿಚ್ಚುತ್ತಿರಲಿಲ್ಲ ಮುದುಕಿ. ಏನು ಬೇಕಾದರೂ ಚಮಚದಿಂದ ಸ್ಟೀಲ್ ಲೋಟಕ್ಕೆ ಬಡಿಯುವುದು. ಅಕ್ಕ ನನ್ನೊಡನೆ ಆಡುತ್ತಿದ್ದ ಮಾತು ಅಲ್ಲಿಗೇ ತುಂಡು. ಒಂಬತ್ತು ವರ್ಷ ಅವರ ಲೋಕ ಅಂದರೆ ಆ ಎರಡು ಕೋಣೆ, ಕೆಳಗಿನ ತರಕಾರಿ ಗಾಡಿ, ಅಷ್ಟೇ. ಒಮ್ಮೆ ಬಾಗಿಲಿಗೆ ಒರಗಿ ನಿಂತು, "ಕುಂದಾಪುರದ ನಮ್ಮ ಹೊಳೆ ಈಗ ಹೇಗಿದೆಯೋ ಏನೋ" ಅಂದರು. ನಾನು ಹಿಂದೆಮುಂದೆ ನೋಡದೆ ಹೇಳಿಬಿಟ್ಟೆ: "ಈ ಸಲ ನಮ್ಮ ಜೊತೆ ಬನ್ನಿ. ನಾವು ನಾಲ್ಕೇ ಜನ, ಕಾರಲ್ಲಿ ಒಂದು ಸೀಟು ಖಾಲಿ ಇದೆ."

ಅಕ್ಕ ಅದನ್ನು ಗಟ್ಟಿ ಹಿಡಿದರು. ಥಾಣೆ ಊರಲ್ಲಿರುವ ಮೈದುನನ ಕೈಕಾಲು ಹಿಡಿದು, ಹತ್ತು ದಿನ ಹಗಲು ಬಂದು ಅತ್ತೆಯನ್ನು ನೋಡಿಕೊಳ್ಳಲು ಒಪ್ಪಿಸಿದರು. ಒಂದು ತಿಂಗಳು ಅತ್ತೆಗೆ ತನ್ನ ಗಂಡನ ಕೈಯಿಂದ ಗಂಜಿ ಕುಡಿಯುವ ಅಭ್ಯಾಸ ಮಾಡಿಸಿದರು. ಹೊಸ ಚಪ್ಪಲಿ ಕೊಂಡು ಮನೆಯೊಳಗೇ ಹಾಕಿಕೊಂಡು ಓಡಾಡಿದರು, ಕಚ್ಚಬಾರದಲ್ಲ ಅಂತ.

ಹೊರಡುವ ಹಿಂದಿನ ದಿನ ಕಲ್ಯಾಣದಿಂದ ನನ್ನ ನಾದಿನಿಯ ಫೋನು, ತಾನೂ ಬರುತ್ತೇನೆಂದು. ಇವರು "ತಂಗಿಗೆ ಹೇಗೆ ಇಲ್ಲ ಅನ್ನಲಿ?" ಅಂದರು. ನಾನು ಬೇಲಾಪುರದ ಆಫೀಸಿನಲ್ಲಿ ಹತ್ತು ಜನರ ಮೇಲೆ ರೇಗುವವಳು, ಮನೆಯಲ್ಲಿ ಬಾಯಿಗೆ ಬೀಗ. ಹೋಗಿ ಅಕ್ಕನಿಗೆ ಹೇಳಿದೆ. ಮೇಣದಬತ್ತಿ ಉರಿಯುತ್ತಿತ್ತು. ತಲೆ ಎತ್ತಲಿಲ್ಲ. "ಅದಕ್ಕೆಂತ, ಮನೆಯವರು ಮೊದಲು. ಬರುವ ವರ್ಷ ಹೋದರಾಯಿತು" ಎಂದು, ಕಟ್ಟಿ ಮುಗಿಸಿದ ಚೀಲ ಕೈಗಿಟ್ಟರು.

ಮಾಣಗಾಂವ್ ಹತ್ತಿರ ನಾಲ್ಕು ತಾಸು ಟ್ರಾಫಿಕ್ಕು. ಹಿಂದೆ ಟ್ರಕ್ಕು, ಮುಂದೆ ಬಸ್ಸು, ಎಸಿ ಬಂದ್. ಬಾಗಿಲು ತೆರೆಯಲೂ ಜಾಗವಿಲ್ಲದೆ ಐದು ಜನ ಬೇಯುತ್ತಿದ್ದೆವು. ನನಗಂತೂ ಉಸಿರು ಕಟ್ಟಿದ ಹಾಗಾಗಿ ಅಳುವೇ ಬಂತು. ಮಹಾಡಿನ ಪೊಟ್ಟಣಗಳನ್ನು ಅಲ್ಲೇ ಒಡೆದೆವು. ನಾದಿನಿ ಒಂದು ಮುಕ್ಕು ಅವಲಕ್ಕಿ ಹಾಕಿಕೊಂಡವಳು, "ಥೂ, ಇದಕ್ಕೆ ಉಪ್ಪೇ ಇಲ್ಲ" ಅಂದಳು. ಉಳಿದ ನಾಲ್ಕಕ್ಕೂ ಉಪ್ಪು ಸರಿಯಾಗಿತ್ತು.

ಬಿಪಿ ಎಂದು ಡಾಕ್ಟರು ಅಕ್ಕನಿಗೆ ಉಪ್ಪು ಬಿಡಿಸಿದ್ದರು. ತನ್ನ ಪಾಲಿನ ಪೊಟ್ಟಣವನ್ನು ಅವರು ಚೀಲದಿಂದ ತೆಗೆದಿರಲಿಲ್ಲ. ಅದು ನಾದಿನಿಯ ಕೈಗೆ ಬಂದಿತ್ತು. ನಾನು ಯಾರಿಗೂ ಏನೂ ಹೇಳದೆ, ಅವಳ ಕೈಯಿಂದ ತೆಗೆದುಕೊಂಡು ನಾನೇ ತಿಂದೆ.

ಬರುವ ವರ್ಷ ಬರಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಕ್ಕ ಅಡುಗೆಮನೆಯಲ್ಲಿ ಕುಸಿದರು, ಆಸ್ಪತ್ರೆ ಮುಟ್ಟಲಿಲ್ಲ. ಒಳಗೆ ಮುದುಕಿ ಲೋಟ ಬಡಿಯುತ್ತಲೇ ಇತ್ತು. ಕೊನೆಗೆ ನಾನೇ ಹೋಗಿ ನೀರು ಕುಡಿಸಿದೆ. ಕುಡಿಯಿತು. ನನ್ನ ಕೈಯಿಂದಲೂ ಕುಡಿಯಿತು. ಅದನ್ನು ನೆನೆದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆಂದು ಗೊತ್ತಿಲ್ಲ.

ಹದಿಮೂರನೆಯ ದಿನ ಊಟಕ್ಕೆ ಕುಳಿತಾಗ ಅಕ್ಕನ ಯಜಮಾನರು ಊರಿಂದ ಬಂದ ನೆಂಟರಿಗೆ ನನ್ನನ್ನು ತೋರಿಸಿದರು. "ಇವರೇ. ಇಷ್ಟು ವರ್ಷದಲ್ಲಿ ಅವಳನ್ನು ಊರಿಗೆ ಬಾ ಅಂತ ಕರೆದವರು ಇವರೊಬ್ಬರೇ. ಸಾಯುವ ತನಕ ಅದನ್ನೇ ಹೇಳ್ತಿದ್ದಳು" ಅಂದರು. ನೆಂಟರೆಲ್ಲ ನನಗೆ ಕೈ ಮುಗಿದರು. ತಾನು ಕೊನೆಗೆ ಯಾಕೆ ಹೊರಡಲಿಲ್ಲವೆಂದು ಅಕ್ಕ ಯಾರಿಗೂ, ಗಂಡನಿಗೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ, ತಿರುಗಿ ಕೈ ಮುಗಿದೆ.