ಎಂಜಾಯ್ ಆದ ಮೇಲೆ ಟು ಬರಲ್ಲ

ಮಾಗಡಿಯ ಪ್ರತಿಮಾ ಕನಕಪುರದ ಕಾಲೇಜೊಂದರಲ್ಲಿ ಇಂಗ್ಲಿಷ್ ಅತಿಥಿ ಉಪನ್ಯಾಸಕಿ. ಅತಿಥಿ ಅನ್ನೋದು ಹೆಸರಿಗೆ. ಸೇರಿ ಹತ್ತು ವರ್ಷದ ಮೇಲಾಯಿತು. ಬೆಳಿಗ್ಗೆ ಬಸ್ಸು ಬದಲಿಸಿ ಹೋಗಿ, ಸಂಜೆ ಬಸ್ಸು ಬದಲಿಸಿ ಮನೆ ಮುಟ್ಟುವಷ್ಟರಲ್ಲಿ ಯಾರ ಜೊತೆಗೂ ಮಾತು ಬೇಡವಾಗಿರುತ್ತಿತ್ತು.

ಅವಳ ಜೀವ ತಿಂದದ್ದು ಒಂದೇ ಪಾಠ. ಇಂಗ್ಲಿಷಿನಲ್ಲಿ 'ವಾಂಟ್' ಆದ ಮೇಲೆ 'ಟು ರೀಡ್' ಬರಬೇಕು, 'ಎಂಜಾಯ್' ಆದ ಮೇಲೆ 'ರೀಡಿಂಗ್' ಬರಬೇಕು. ವರ್ಷ ವರ್ಷ ಹೊಸ ಮಕ್ಕಳು, ಅದೇ ತಪ್ಪು. 'ಐ ಎಂಜಾಯ್ ಟು ಕುಕ್', 'ಐ ಎಂಜಾಯ್ ಟು ಸ್ಲೀಪ್'. ಕೆಂಪು ಪೆನ್ನಲ್ಲಿ ಹೊಡೆದು ಹೊಡೆದು ಕೈ ಸೋತಿತ್ತು.

ಕೋಡಿಹಳ್ಳಿ ಕಡೆಯ ಭಾನುಪ್ರಿಯ ಒಂದು ದಿನ ಎದ್ದು ನಿಂತು ಕೇಳೇಬಿಟ್ಟಳು: "ಮೇಡಂ, ಯಾವ್ದಕ್ಕೆ ಟು, ಯಾವ್ದಕ್ಕೆ ಇಂಗ್ ಅಂತ ಗೊತ್ತಾಗೋದ್ ಹೆಂಗೆ? ಏನಾರ ರೂಲ್ ಐತಾ?"

"ಇಲ್ಲಮ್ಮ. ಬಾಯಿಪಾಠ ಮಾಡ್ಕೊಳ್ಳಿ" ಎಂದಳು ಪ್ರತಿಮಾ.

ಆ ವಾರವೇ ರಾಮನಗರದ ಖಾಸಗಿ ಕಾಲೇಜೊಂದರಿಂದ ಸಂದರ್ಶನಕ್ಕೆ ಕರೆ ಬಂತು. ಕಾಯಂ ಕೆಲಸ, ಒಂದೇ ಬಸ್ಸು. ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋದಳು. ಕೇಳಿದ್ದಕ್ಕೆಲ್ಲ ನೀಟಾಗಿ ಉತ್ತರ ಕೊಟ್ಟಳು. ಕೊನೆಗೆ ಕನ್ನಡಕದ ಹೆಂಗಸೊಬ್ಬರು, ಈ ಕೆಲಸ ನಿಮಗ್ಯಾಕೆ ಬೇಕು ಅಂತ ಇಂಗ್ಲಿಷಿನಲ್ಲಿ ಕೇಳಿದರು.

"ಐ ಎಂಜಾಯ್ ಟು ಟೀಚ್" ಅಂದಳು.

ಅಂದ ಕೂಡಲೇ ಕಿವಿ ಬಿಸಿಯಾಯಿತು. ವರ್ಷಗಟ್ಟಲೆ ಕೇಳಿದ ತಪ್ಪು ಅವಳ ನಾಲಿಗೆಯ ಮೇಲೇ ಬಂದು ಕೂತಿತ್ತು. ತಿದ್ದಿಕೊಳ್ಳೋಣ ಅಂತ ಬಾಯಿ ತೆರೆದಳು. ಅಷ್ಟರಲ್ಲಿ ಅವರು "ಥ್ಯಾಂಕ್ಯೂ" ಅಂದುಬಿಟ್ಟರು.

ಮನೆಯಲ್ಲಿ ಗಂಡ ಲೋಕೇಶ್ ಕೇಳಿದ: "ಏನಾಯ್ತು?"

"ಟು ಹಾಕ್ಬುಟ್ಟೆ ಕಣ್ರೀ."

ಅವನಿಗೆ ತಲೆಬುಡ ತಿಳಿಯಲಿಲ್ಲ. ಮುಖ ನೋಡಿ, "ಹೋಗ್ಲಿ ಬುಡು, ಒಸಿ ಕಾಫಿ ಕುಡಿ" ಅಂದ.

ರಾಮನಗರದಿಂದ ಫೋನು ಬರಲೇ ಇಲ್ಲ. ಆ ಒಂದು ಮಾತಿಗೋ, ಬೇರೆ ಯಾವುದಕ್ಕೋ, ಹೇಳುವವರು ಯಾರು? ಕಾದು ಕಾದು ಅವಳೂ ಆಸೆ ಕೈಬಿಟ್ಟಳು.

ಅದಾದ ಮೇಲೆ ಒಂದು ಮಧ್ಯಾಹ್ನ ತರಗತಿಯಲ್ಲಿ, ತಿದ್ದಬೇಕಿದ್ದ ಪುಸ್ತಕಗಳನ್ನು ಪಕ್ಕಕ್ಕೆ ಸರಿಸಿ, "ಬರೆಯೋದು ಬೇಡ, ಬಾಯಲ್ಲಿ ಹೇಳಿ" ಎಂದಳು. ಎಂಜಾಯ್ ರೀಡಿಂಗ್. ಎಂಜಾಯ್ ಕುಕಿಂಗ್. ಮಗ್ಗಿ ಒಪ್ಪಿಸುವ ಹಾಗೆ ಇಡೀ ತರಗತಿ ಹೇಳತೊಡಗಿತು. ಭಾನುಪ್ರಿಯಳಿಗೆ ನಗು ತಡೆಯಲಾಗಲಿಲ್ಲ. ಪ್ರತಿಮಾ ಗೋಡೆಗೆ ಒರಗಿಕೊಂಡು, ಅವರ ದನಿಯೊಳಗೆ ದನಿ ಸೇರಿಸಿ, ಮೆಲ್ಲಗೆ ತಾನೂ ಹೇಳಿದಳು. ಆ ಕಡೆ ಹಾದುಹೋಗುತ್ತಿದ್ದ ಪ್ರಿನ್ಸಿಪಾಲರು, ಇದೇನು ಪ್ರೈಮರಿ ಸ್ಕೂಲೇ ಅನ್ನುವ ಹಾಗೆ ಇಣುಕಿದರು.

ಅವಳು ನಿಲ್ಲಿಸಲಿಲ್ಲ.