ಅಮಾವಾಸ್ಯೆಯ ದಿನ ಆರಿಸಿಟ್ಟ ಕಂಪ್ಯೂಟರ್

ರಾಯದುರ್ಗಕ್ಕೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಅಲ್ಲಿನ ಜೀನ್ಸ್ ಹೊಲಿಯುವ ಯೂನಿಟ್‌ಗಳ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಊರಲ್ಲಿ ಈ ಕೆಲಸಕ್ಕೆ ನಾನೊಬ್ಬನೇ ಇದ್ದುದರಿಂದ ಸ್ವಲ್ಪ ಜಂಬವೂ ಇತ್ತು.

ಆ ಯೂನಿಟ್‌ಗಳ ಒಬ್ಬ ಮಾಲೀಕರು ದೂರದ ಮಡಕಶಿರಾದಲ್ಲಿ ಸಣ್ಣದೊಂದು ಶೆಡ್ ತೆರೆದರು. ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಗುಳೆ ಹೋಗಿ ಕೆಲಸ ಕಲಿತ ಹೆಣ್ಣುಮಕ್ಕಳು ಅಲ್ಲಿ ಹೊಲಿಯುತ್ತಿದ್ದರು. ಅವರ ಮೇಸ್ತ್ರಿ ಪಕ್ಕದ ರೊಳ್ಳ ಊರಿನ ರಂಗಮ್ಮ. ಮಗಳನ್ನು ತವರಲ್ಲಿ ಬಿಟ್ಟು ಬೆಂಗಳೂರಲ್ಲಿ ದುಡಿದವಳು. ಫ್ಯಾಕ್ಟರಿ ಬದಲಾದಂತೆಲ್ಲ ಬಾಡಿಗೆ ರೂಮೂ ಬದಲು. ಅಮ್ಮ ಎಲ್ಲಿದ್ದಾಳೆ ಅಂತ ಯಾರಾದರೂ ಕೇಳಿದರೆ ಯಾವ ವಿಳಾಸ ಹೇಳಬೇಕೆಂದೇ ಮಗುವಿಗೆ ಗೊತ್ತಾಗುತ್ತಿರಲಿಲ್ಲವಂತೆ. ಈಗ ದಿನಾ ಸಂಜೆ ಬಸ್ಸು ಹತ್ತಿ ಮಗಳ ಹತ್ತಿರ ಹೋಗುತ್ತಿದ್ದಳು.

ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸಲು ಬೇಕಾದ ಅಳತೆಯ ನಕ್ಷೆ, ರಾಯದುರ್ಗದ ಕಂಪ್ಯೂಟರಿನಲ್ಲಿರುತ್ತಿತ್ತು. ಮಡಕಶಿರಾದಲ್ಲಿ ಕೂತೇ ಇಂಟರ್ನೆಟ್ ಮೂಲಕ ಅದನ್ನು ತೆರೆದು, ಪ್ರಿಂಟ್ ತೆಗೆದು, ಹಾಳೆ ಅಂಟಿಸಿಕೊಳ್ಳುವ ವ್ಯವಸ್ಥೆ ಮಾಡಿದೆ. ಒಂದೇ ತಾಪತ್ರಯ. ಇಂಟರ್ನೆಟ್ಟಿನಲ್ಲಿ ಪ್ರತಿ ಸಂಪರ್ಕಕ್ಕೂ ಐಪಿ ಅಡ್ರೆಸ್ ಎಂಬ ನಂಬರ್ ಇರುತ್ತದೆ. ಕರೆಂಟ್ ಹೋಗಿ ಬಂದು ಮೋಡೆಮ್ ಹೊಸದಾಗಿ ಶುರುವಾದಾಗಲೆಲ್ಲ ರಾಯದುರ್ಗದ ನಂಬರ್ ಬದಲಾಗುತ್ತಿತ್ತು. ನಮ್ಮ ಕಡೆಯ ಕರೆಂಟಿನ ಕಥೆ ಕೇಳಲೇಬೇಡಿ! ಅದಕ್ಕೇ ಡೈನಾಮಿಕ್ ಡಿಎನ್‌ಎಸ್ ಹಾಕಿದೆ. ಕಂಪ್ಯೂಟರಿಗೆ ಒಂದು ಖಾಯಂ ಹೆಸರು. ನಂಬರ್ ಬದಲಾದಾಗ ಪುಟ್ಟ ಪ್ರೋಗ್ರಾಮೊಂದು ಹೊಸ ನಂಬರನ್ನು ಆ ಹೆಸರಿಗೆ ಜೋಡಿಸುತ್ತದೆ. "ಇನ್ನ ಚಿಂತಿ ಬಿಡ್ರಿ" ಅಂತ ಮಾಲೀಕರಿಗೆ ಹೇಳಿದ್ದೆ.

ಒಂದು ದಿನ ದೊಡ್ಡ ಆರ್ಡರೊಂದಕ್ಕೆ ಒಂದೇ ಒಂದು ಸ್ಯಾಂಪಲ್ ಪ್ಯಾಂಟ್ ಹೊಲಿದು ಸಂಜೆಯ ಬೆಂಗಳೂರು ಬಸ್ಸಿಗೆ ಹಾಕಬೇಕಿತ್ತು. ಆರ್ಡರ್ ಸಿಗದಿದ್ದರೆ ಶೆಡ್ ಮುಚ್ಚುವುದಾಗಿ ಮಾಲೀಕರು ಹೇಳಿಯಾಗಿತ್ತು. ಪ್ರಿಂಟರ್ ಸರಿಮಾಡಲು ನಾನೂ ಅವತ್ತು ಮಡಕಶಿರಾಕ್ಕೆ ಹೋಗಿದ್ದೆ. ಬೆಳಗ್ಗೆ ಪ್ಯಾಟರ್ನ್ ತೆಗೆಯಲು ನೋಡಿದರೆ ಸಂಪರ್ಕವೇ ಇಲ್ಲ. ವೈರ್ ಕಿತ್ತು ಚುಚ್ಚಿದೆ, ಮೋಡೆಮ್ ಆರಿಸಿ ಹಚ್ಚಿದೆ. ಊಹೂಂ. ರಾಯದುರ್ಗಕ್ಕೆ ಹೋಗಿ ತರೋಣವೆಂದರೆ ತಿರುಗಿ ಬರುವಷ್ಟರಲ್ಲಿ ಬಸ್ಸು ಹೊರಟುಹೋಗಿರುತ್ತಿತ್ತು.

ರಾಯದುರ್ಗದ ಯೂನಿಟ್‌ಗೆ ಫೋನ್ ಮಾಡಿದೆ. ಎತ್ತಿದವರು ಮಾಲೀಕರ ತಾಯಿ ಗೌರಮ್ಮ.

"ಇವತ್ತು ಅಮಾಸಿ ಅಲ್ಲೇನಪಾ. ಮಷೀನೆಲ್ಲ ಒರಸಿ ಪೂಜಿ ಮಾಡೀವಿ. ಕಂಪ್ಯೂಟರಿಗೂ ಹೂ ಏರ್ಸೀವಿ. ನಾಳಿ ತನಕ ಯಾರೂ ಮುಟ್ಟಂಗಿಲ್ಲ."

ಇದು ನನಗೆ ಹೊಳೆದೇ ಇರಲಿಲ್ಲ. ಆ ಯೂನಿಟ್ಟಿನಲ್ಲಿ ಅಮಾವಾಸ್ಯೆ ದಿನ ಮಷೀನಿಗೆ ಪೂಜೆ, ಆಮೇಲೆ ವಿಶ್ರಾಂತಿ. ಮಡಕಶಿರಾದ ಶೆಡ್ಡಿಗೆ ಭಾನುವಾರ ಮಾತ್ರ ರಜೆ. ಮಾಲೀಕರು ದೇವಸ್ಥಾನಕ್ಕೆ ಹೋಗಿದ್ದರು, ಫೋನಿಗೆ ಸಿಗುತ್ತಿರಲಿಲ್ಲ. "ಕೈ ಮುಗೀತೀನ್ರಮ್ಮ" ಅಂದೆ. ಆಕೆ ಜಪ್ಪಯ್ಯ ಅನ್ನಲಿಲ್ಲ.

ರಂಗಮ್ಮ ಫೋನ್ ಕಸಿದುಕೊಂಡಳು. "ಅಮ್ಮಾ, ನಾನು ಮಡಕಶಿರಾ ಶೆಡ್ಡಿನ ರಂಗಮ್ಮ. ಈ ಪ್ಯಾಂಟ್ ಹೋಗ್ದಿದ್ರೆ ನಾನು ತಿರ್ಗಾ ಬೆಂಗ್ಳೂರಿಗೆ ಹೋಗ್ಬೇಕು. ನನ್ ಮಗ್ಳು ಈಗ ತಾನೇ ನನ್ ಮಗ್ಗುಲಲ್ಲಿ ಮಲಗೋದು ಕಲ್ತವ್ಳೆ. ಮತ್ತೆ ಬಿಟ್ಟೋಗ್ಲಾ?" ಅನ್ನುತ್ತಲೇ ಅತ್ತುಬಿಟ್ಟಳು.

ಗೌರಮ್ಮ ಅಂದರು: "ಅಯ್ಯ ನಮ್ಮವ್ವ, ಅಳಬ್ಯಾಡ. ಯಾವ ಗುಂಡಿ ಒತ್ತಬೇಕು, ಹೇಳು."

ಕಂಪ್ಯೂಟರ್, ಮೋಡೆಮ್ ಎರಡೂ ಶುರುವಾದವು. ನಮಗೆ ಮಾತ್ರ ಸಿಗಲಿಲ್ಲ! ಮೋಡೆಮ್ಮೂ ಆರಿದ್ದರಿಂದ ನಂಬರ್ ಬದಲಾಗಿತ್ತು, ಹೆಸರು ಇನ್ನೂ ಹಳೆಯದನ್ನೇ ಹಿಡಿದುಕೊಂಡಿತ್ತು. ಹೊಸದು ತಲುಪಲು ಕೆಲವೊಮ್ಮೆ ಹೊತ್ತು ಹಿಡಿಯುತ್ತದೆ, ನಮ್ಮ ಹತ್ತಿರ ಇಲ್ಲದ್ದೇ ಅದು. ಆ ಪುಟ್ಟ ಪ್ರೋಗ್ರಾಮು ಪರದೆಯ ಮೂಲೆಯಲ್ಲಿ ತೋರಿಸುವ ನಂಬರ್ ಓದಿ ಅಂತ ಗೌರಮ್ಮನವರಿಗೆ ಹೇಳಿದೆ. ಇಂಗ್ಲಿಷ್ ಬಾರದಿದ್ದರೂ ಫೋನಿನ ಅಂಕಿ ಅವರಿಗೆ ಗೊತ್ತಿತ್ತು.

"ನಡುವ ಚುಕ್ಕಿ ಅದಾವಪಾ, ಅವನ್ನೂ ಓದ್ಲೇನು?"

"ಓದ್ರಮ್ಮ, ಒಂದೂ ಬಿಡಬ್ಯಾಡ್ರಿ!"

ಹೆಸರಿನ ಬದಲು ಆ ನಂಬರನ್ನೇ ಟೈಪ್ ಮಾಡಿದೆ. ಪ್ಯಾಟರ್ನ್ ಕಂಡಿತು, ಅರ್ಧ ಪ್ರಿಂಟಾಯಿತು, ಅಷ್ಟರಲ್ಲಿ ರಾಯದುರ್ಗದಲ್ಲಿ ಕರೆಂಟ್ ಹೋಯಿತು. ರಂಗಮ್ಮ ಕತ್ತರಿ ಹಿಡಿದುಕೊಂಡೇ ನೆಲಕ್ಕೆ ಕುಸಿದು ಕೂತಳು. ನನಗೂ ಎಲ್ಲ ಮುಗಿಯಿತು ಅನ್ನಿಸಿತು.

ಮಧ್ಯಾಹ್ನ ಕಳೆದು ಕರೆಂಟ್ ಬಂತು. ನಾವು ಕೇಳುವ ಮೊದಲೇ ಗೌರಮ್ಮ ಫೋನ್ ಮಾಡಿ ಹೊಸ ನಂಬರ್ ಓದಿದರು, ಚುಕ್ಕಿ ಸಮೇತ. ಉಳಿದರ್ಧವೂ ಪ್ರಿಂಟಾಯಿತು. ರಂಗಮ್ಮ ತಲೆ ಎತ್ತದೆ ಹೊಲಿದಳು. ಬಸ್ಸು ಹೊರಡುತ್ತಿರುವಾಗ ಓಡಿ ಹೋಗಿ ಪ್ಯಾಂಟನ್ನು ಕಂಡಕ್ಟರ್ ಕೈಗೆ ಕೊಟ್ಟೆವು. ಆರ್ಡರೂ ಬಂತು.

ಎರಡು ಊರಿನ ಕಂಪ್ಯೂಟರ್ ಜೋಡಿಸುವ ಮೊದಲು ಎರಡೂ ಊರಿನ ರಜೆ, ಪೂಜೆ ವಿಚಾರಿಸಬೇಕೆಂದು ಈ ಕೆಲಸ ನನಗೆ ಕಲಿಸಿತು. ಮುಂದಿನ ಅಮಾವಾಸ್ಯೆಗೆ ಕಂಪ್ಯೂಟರ್ ಮಾತ್ರ ಆರಿಸಬೇಡಿ ಎಂದು ಹೇಳೋಣವೆಂದು ಯೂನಿಟ್‌ಗೆ ಹೋದೆ. ಹೊಲಿಗೆ ಮಷೀನೆಲ್ಲ ಆರಿದ್ದವು. ಹೂ ಏರಿಸಿದ ಕಂಪ್ಯೂಟರ್ ಒಂದೇ ಓಡುತ್ತಿತ್ತು. ಅದನ್ನು ಆರಿಸಲು ಹೋದ ಕೆಲಸಗಾರನ ಕೈಯನ್ನು ಗೌರಮ್ಮ ಹಿಡಿದುಕೊಂಡರು.

"ಅದನ್ನ ಮುಟ್ಟಬ್ಯಾಡ. ಅಲ್ಲಿ ಮಡಕಶಿರಾದಾಗ ರಂಗಮ್ಮ ಕಾದು ಕೂತಿರ್ತಾಳ."