ಕೆಂಪು ಅರಿವೆ ಬಂಡೆಯ ಮೇಲೇ ಇತ್ತು

ಯಂಕಮ್ಮ, ನಿನ್ನ ಗಂಡ ದುರುಗಪ್ಪ ಅರಿವೆ ಎತ್ತಿರಲಿಲ್ಲ. ನಾನು ಅದನ್ನು ನೋಡಿದ್ದೆ — ನೋಡಿಯೇ ಹೊಡೆದೆ. ಚೆಂಡು ದಿಕ್ಕು ತಪ್ಪಿ ಅವನ ಕಣ್ಣಿಗೆ ಬಡಿಯಿತು ಎಂದು ಊರು ಇಷ್ಟು ವರ್ಷ ಹೇಳಿಕೊಂಡು ಬಂದಿದೆ. ದಿಕ್ಕು ತಪ್ಪಿರಲಿಲ್ಲ. ನಾನು ಅವನ ತಲೆಗೇ ಗುರಿ ಹಿಡಿದಿದ್ದೆ.

ಇದನ್ನು ಒಂದೇ ಉಸಿರಿಗೆ ಹೇಳಿಬಿಡಬೇಕು. ನಿಧಾನಕ್ಕೆ ಹೇಳಹೊರಟರೆ ನಾನು ಗೌಡರ ಮಗ, ಮಾತು ತಿರುಗಿಸುವುದು ನನಗೆ ಹುಟ್ಟಿನಿಂದ ಗೊತ್ತು — ಎಲ್ಲೋ ಒಂದು ಕಡೆ ನನ್ನನ್ನು ನಾನೇ ಬಿಡಿಸಿಕೊಂಡುಬಿಡುತ್ತೇನೆ.

ಲಿಂಗಸುಗೂರು ಕಡೆಯ ಚಿನ್ನದ ಗಣಿಯಲ್ಲಿ ಆಗ ಒಬ್ಬ ಇಂಜಿನಿಯರ್ ಸಾಹೇಬನಿದ್ದ. ಮಸ್ಕಿ ಹತ್ತಿರದ ನಮ್ಮ ಗುಡ್ಡ ನೋಡಿದ ಮೇಲೆ ಅವನಿಗೆ ಬೇರೆ ಯಾವ ಆಟದ ಬಯಲೂ ರುಚಿಸಲಿಲ್ಲ. ಬಂಡೆಗಳ ನಡುವೆ ಮಣ್ಣಿದ್ದ ಕಡೆಯೆಲ್ಲ ಕಲ್ಲು ಆರಿಸಿ, ಮರಳು ಹಾಸಿ, ಗಾಳಿಗೆ ಹಾರದಂತೆ ಹಳೆಯ ಎಣ್ಣೆ ಸುರಿದು ತುಳಿಸಿ, ನಡುವೆ ಕುಳಿ ತೋಡಿಸಿ ಗಾಲ್ಫ್ ಆಡುವ ಜಾಗ ಮಾಡಿಸಿದ. ನಮ್ಮವರು ಅದಕ್ಕೆ ಸಾಹೇಬರ ಚಿಣ್ಣಿದಾಂಡು ಅಂದರು. ಮೇಲೆ ನಿಂತರೆ ಮಸ್ಕಿ ಹಳ್ಳ, ಕರಿ ಎರೆಭೂಮಿ, ಬೆಳೆ ನಿಂತಾಗ ಜೋಳದ ತೆನೆ ಒಂದೇ ಸಮ ತೂಗುವುದು, ಎಲ್ಲ ಕಾಣುತ್ತಿತ್ತು. ಅಷ್ಟು ಚೆಂದದ ಜಾಗವನ್ನು ನಾನು ಮತ್ತೆ ನೋಡಿಲ್ಲ. ಇವತ್ತಿಗೂ ಕಣ್ಣು ಮುಚ್ಚಿದರೆ ಮೊದಲು ಆ ಚೆಂದವೇ ಬರುತ್ತದೆ, ಆಮೇಲೆ ರಕ್ತ. ಇದಕ್ಕೂ ನನಗೆ ನಾಚಿಕೆಯಿದೆ.

ಜೊತೆಗೆ ಆಡಲು ಇನ್ನೊಬ್ಬ ಸಾಹೇಬ ಸಿಗದ ದಿನಗಳಲ್ಲಿ ಅವನು ನನಗೆ ಕೋಲು ಹಿಡಿಯುವುದು ಕಲಿಸಿದ. ನಾನು ಸೊಕ್ಕಿನ ಹುಡುಗನಾಗಿದ್ದೆ. ಹೊಲ ಕಾಣದ, ಬಿಸಿಲು ಕಾಣದ ಕೈ ನನ್ನದು. ಕೋಲು ಬೀಸಿದರೆ ಚೆಂಡು ಎಡಕ್ಕೆ ಹೋಗುತ್ತಿತ್ತು, ಇಲ್ಲ ಬಲಕ್ಕೆ. ಕೊನೆಯ ಕುಳಿ ಎಲ್ಲಕ್ಕಿಂತ ಕಷ್ಟದ್ದು — ನೆತ್ತಿಯ ಬಂಡೆಯ ಮೇಲೆ ನಿಂತು, ಕೆಳಗಿನ ಕೊರಕಲು ದಾಟಿಸಿ, ಎದುರು ಗುಡ್ಡದ ಮರಳಿನ ಅಂಗಳಕ್ಕೆ ಚೆಂಡು ಕಳಿಸಬೇಕು. ಆ ಕೊರಕಲಲ್ಲಿ ಊರವರ ಕಾಲುದಾರಿ. ಅದಕ್ಕೇ ಎದುರು ಬಂಡೆಯ ಮೇಲೆ ದುರುಗಪ್ಪನನ್ನು ನಿಲ್ಲಿಸುತ್ತಿದ್ದರು. ದಾರಿಯಲ್ಲಿ ಜನ ಇದ್ದರೆ ಅವನು ಕೆಂಪು ಅರಿವೆಯನ್ನು ಬಂಡೆಯ ಮೇಲೆ ಹಾಸಬೇಕು — ಆಡುವವರು ಕಾಯಬೇಕು. ದಾರಿ ಖಾಲಿಯಾದರೆ ಅರಿವೆಯನ್ನು ತಲೆಯ ಮೇಲೆತ್ತಿ ತೋರಿಸಿ ಬಂಡೆಯ ಮರೆಗೆ ಸರಿಯಬೇಕು — ಆಗ ಹೊಡೆಯಬೇಕು. ಇಷ್ಟೇ ಕಟ್ಟಳೆ. ಎತ್ತಿದ ಮೇಲೆ ಮರೆಗೆ ಸರಿಯದೆ ಪೆಟ್ಟು ತಿಂದರೆ ಅದು ಅವನ ತಪ್ಪು. ಎತ್ತುವ ಮುಂಚೆ ಹೊಡೆದರೆ ಅದು ಹೊಡೆದವನ ತಪ್ಪು.

ಆ ದಿನ ಲಿಂಗಸುಗೂರಿನಿಂದ ಸಾಹೇಬನ ಸ್ನೇಹಿತರು ಬಂದಿದ್ದರು, ಪೊಲೀಸ್ ಠಾಣೆಯ ಅಮೀನ ಬಂದಿದ್ದ, ನಮ್ಮಪ್ಪ ಹೊಸ ರುಮಾಲು ಸುತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದ. ನಾನು ಎರಡು ಚೆಂಡು ಕೊರಕಲಿಗೆ ಬೀಳಿಸಿದೆ. ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು. ತಲೆಯೆತ್ತಿ ನೋಡಿದರೆ — ಎದುರು ಬಂಡೆಯ ಮೇಲೆ ದುರುಗಪ್ಪ ನಗುತ್ತಿದ್ದ.

ನಮ್ಮ ಹೊಲದ ಕಲ್ಲು ಒಡೆಯುವವನು, ನನ್ನನ್ನು ನೋಡಿ ನಗುತ್ತಿದ್ದಾನೆ. ಹಾಗಂದುಕೊಂಡೆ. ಮೈಯೆಲ್ಲ ಉರಿಯಿತು. ಕೆಂಪು ಅರಿವೆ ಈಗ ಬಂಡೆಯ ಮೇಲೆ ಹಾಸಿತ್ತು, ಬಿಸಿಲಿಗೆ ಚೆನ್ನಾಗಿ ಕಾಣುತ್ತಿತ್ತು. ನಾನು ಕಾಲು ಊರಿ, ಅವನ ತಲೆ ನೋಡಿ, ಇದ್ದ ಬಲವನ್ನೆಲ್ಲ ಹಾಕಿ ಬೀಸಿದೆ. ಆ ಚೆಂಡು ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ನನ್ನ ಜನ್ಮದಲ್ಲಿ ನಾನು ನೆಟ್ಟಗೆ ಹೊಡೆದದ್ದು ಅದೊಂದೇ. ಚೆಂಡು ಹೋಗುತ್ತಿರುವಾಗ ಸಾಹೇಬ ಚಪ್ಪಾಳೆ ತಟ್ಟಿದ.

ಕೊಡ ಒಡೆದಂಥ ಸಪ್ಪಳ ಈಚೆ ಬಂಡೆಗೂ ಕೇಳಿಸಿತು. ದುರುಗಪ್ಪ ಎರಡೂ ಕೈಯಲ್ಲಿ ಮುಖ ಹಿಡಿದು ಕುಸಿದ. ಬೆರಳ ಸಂದಿನಿಂದ ರಕ್ತ ಮೊಣಕೈವರೆಗೆ ಇಳಿಯಿತು. ಆಗ ಕೊರಕಲಿನಿಂದ ಕೂಗು ಕೇಳಿ ನೋಡಿದೆ — ರೊಟ್ಟಿ ಗಂಟು ತಲೆಯ ಮೇಲಿಟ್ಟುಕೊಂಡು ನೀನು ದಾರಿಯಲ್ಲಿ ನಿಂತಿದ್ದೆ. ಅರಿವೆ ಹಾಸಿದ್ದು ನಿನಗಾಗಿ. ಅವನು ನಕ್ಕದ್ದೂ ನಿನ್ನನ್ನು ನೋಡಿ.

ಸಾಹೇಬನೂ ಉಳಿದವರೂ ಚೆಂಡನ್ನು ನೋಡುತ್ತಿದ್ದರೇ ಹೊರತು ಅರಿವೆಯನ್ನಲ್ಲ. ಅರಿವೆ ಎತ್ತಿದ್ದನೇ ಎಂದು ಸಾಹೇಬ ನನ್ನ ಕಡೆ ತಿರುಗಿ ಕೇಳಿದ. ನಾನು ಒಂದೇ ಮಾತು ಹೇಳಿದೆ. "ಎತ್ತಿದ್ದ."

ನೀನು ಗುಡ್ಡ ಹತ್ತಿ ಬಂದು ಎಲ್ಲರ ಮುಂದೆ ನನ್ನನ್ನು ಕೊಲೆಗಡುಕ ಅಂದೆ. ಗೌಡರ ಮಗನನ್ನು ಅಮೀನನ ಎದುರಿಗೇ ಹಾಗಂದರೆ ಬಿಡುತ್ತಾರೆಯೇ? ಮರುದಿನ ಚಾವಡಿಗೆ ನಿನ್ನನ್ನು ಎಳೆದು ತಂದರು. ಕಣ್ಣಿಗೆ ಅರಿವೆ ಕಟ್ಟಿಕೊಂಡ ದುರುಗಪ್ಪನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಅಮೀನ ನಿನಗೆ, "ಗೌಡ್ರ ಮಗನ ಮ್ಯಾಲೆ ಝೂಟಾ ಇಲ್ಜಾಮ್ ಹಚ್ತಿಯೇನ, ಸುಳ್ಳು ಆರೋಪ ಮಾಡ್ತಿಯೇನ?" ಅಂದ. ಆಮೇಲೆ ಬೆತ್ತ ನನ್ನ ಕೈಗೆ ಕೊಟ್ಟ. "ನಿನ್ನ ಮ್ಯಾಲೆ ಬಂದ ಮಾತು. ನೀನ ಕೇಳು."

ಬೆತ್ತ ಬೇಡ ಅನ್ನಬಹುದಿತ್ತು. ಅಪ್ಪ ನೋಡುತ್ತಿದ್ದ — ಇಲ್ಲ, ಅಪ್ಪನ ಮೇಲೆ ಹಾಕುವುದಿಲ್ಲ. ಬೆತ್ತ ಹಿಡಿದದ್ದು ನನ್ನ ಕೈ.

ಮೊದಲು ಅಂಗೈ ಮೇಲೆ ಹೊಡೆದೆ. "ಎತ್ತಿದ್ನೋ ಇಲ್ಲೋ?"

"ಅರಿವಿ ಎತ್ತಿದ್ದಿಲ್ಲ."

ಆಮೇಲೆ ಮಣಿಕಟ್ಟಿಗೆ. ಬಳೆ ಒಡೆದು ಚೂರು ಮಾಂಸದೊಳಗೆ ಹೊಕ್ಕವು. ಬೆನ್ನಿಗೆ ಹೊಡೆದೆ, ಭುಜಕ್ಕೆ ಹೊಡೆದೆ, ಬಿದ್ದ ಮೇಲೂ ಹೊಡೆದೆ. ಪ್ರತಿ ಸಲವೂ ನೀನು ಅದೇ ಮಾತು ಹೇಳಿದೆ. ಅದು ಸುಳ್ಳಾಗಿದ್ದರೆ ನಾನು ಯಾವಾಗಲೋ ನಿಲ್ಲಿಸುತ್ತಿದ್ದೆ. ನಿಜವಾಗಿದ್ದಕ್ಕೇ ನನ್ನ ಕೈ ನಿಲ್ಲಲಿಲ್ಲ. ನೀನು ಸುಮ್ಮನಾಗಬೇಕಿತ್ತು, ಅಷ್ಟೇ ನನಗೆ ಬೇಕಿದ್ದದ್ದು — ಸಾಯುತ್ತೀಯೋ ಬದುಕುತ್ತೀಯೋ ಅನ್ನುವ ಯೋಚನೆಯೂ ಇರಲಿಲ್ಲ.

ನಿಲ್ಲಿಸಿದವನು ದುರುಗಪ್ಪ. ಗೋಡೆ ಹಿಡಿದು ಎದ್ದ. "ಬಿಡ್ರಿ ಯಪ್ಪಾ. ನಾನ ಎತ್ತಿದ್ನಿರಿ. ಆಕಿಗಿ ಕಂಡಿಲ್ಲ."

ಆಗ ನೀನು ನನ್ನನ್ನು ನೋಡಲಿಲ್ಲ. ನೆಲದ ಮೇಲೆ ಬಿದ್ದಲ್ಲಿಂದಲೇ ತಲೆಯೆತ್ತಿ ಅವನನ್ನು ನೋಡಿದೆ. ನಿನ್ನ ಜೀವ ಉಳಿಸಲು ಅವನು ನಿನ್ನ ಮಾತನ್ನು ಸುಳ್ಳು ಮಾಡಿದ. ಅಷ್ಟು ಪೆಟ್ಟು ತಿಂದು ನೀನು ಉಳಿಸಿಕೊಂಡಿದ್ದ ಮಾತು ಅದೊಂದೇ ಆಗಿತ್ತು. ಗಾಯ ಮಾಯುವ ಮುಂಚೆಯೇ ನೀನು ಗೊರೇಬಾಳದ ತವರಿಗೆ ಹೊರಟುಹೋದೆ. ಮತ್ತೆ ಬರಲಿಲ್ಲ.

ಆಮೇಲೆ ಒಂದು ಸಲ ದುರುಗಪ್ಪ ನನ್ನ ದಾರಿಗೆ ಅಡ್ಡ ನಿಂತು, "ಆಕಿನ್ನ ಕರಕೊಂಡು ಬರ್ರಿ ಗೌಡ್ರ. ನೀವು ನಿಜ ಹೇಳಿದ್ರ ಬರ್ತಾಳ," ಅಂದ. ಕೇಳಿಸದವನಂತೆ ಹೋದೆ.

ಇದಕ್ಕಿಂತ ಹೊಲಸು ಇನ್ನೊಂದಿದೆ. ಅದು ನಿನಗೆ ಗೊತ್ತಿರಲಿಕ್ಕಿಲ್ಲ. ಒಮ್ಮೆ ಇಸ್ಪೀಟು ಆಡುವಾಗ ಗೆಳೆಯನೊಬ್ಬ ಎಲೆ ಮುಚ್ಚಿಟ್ಟು ಇಲ್ಲವೆಂದು ಸಾಧಿಸಿದ. ನಾನು ನಗುತ್ತಾ, "ಹೌದೌದು, ಅರಿವಿ ಎತ್ತಿದ್ದಿಲ್ಲ," ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಲ್ಲಿಂದ ಅದು ಊರ ಮಾತಾಯಿತು. ಯಾರಾದರೂ ಸುಳ್ಳು ಹೇಳಿದರೆ, ಹೇಳಿದರು ಎಂದು ಅನುಮಾನ ಬಂದರೂ ಸಾಕು — ಅರಿವಿ ಎತ್ತಿದ್ದಿಲ್ಲ. ಸಾಹೇಬ ಹೋದ, ಗುಡ್ಡದ ಮರಳನ್ನು ಮಳೆ ತೊಳೆಯಿತು, ಆ ಮಾತು ಮಾತ್ರ ಉಳಿಯಿತು.

ಮೊನ್ನೆ ನನ್ನ ಮಗಳು ಗಂಡನ ಮನೆಯಿಂದ ಬಂದಳು. ಬೆನ್ನ ತುಂಬ ಬಾಸುಂಡೆ. ಹಿಂದೆಯೇ ಬಂದ ಬೀಗರು ನಮ್ಮ ಕಟ್ಟೆಯ ಮೇಲೆ ಕೂತು, ತಾನೇ ಬಿದ್ದು ಮಾಡಿಕೊಂಡಿದ್ದಾಳೆ ಅಂದರು. ಹೊಡೆದರು ಎಂದು ಅವಳು ಅತ್ತಳು. ಬೀಗ ವೀಳ್ಯ ಮೆಲ್ಲುತ್ತಾ, "ಅರಿವಿ ಎತ್ತಿದ್ದಿಲ್ಲ ಅಂದಂಗಾತು ಇದು," ಅಂದ. ನನ್ನ ಆಳುಗಳೂ ನಕ್ಕರು.

ನನ್ನ ಮಗಳ ಬೆನ್ನಿಗೆ ಬಂದಾಗಲೇ ನನಗೆ ನೋವು ತಿಳಿಯಿತು. ನಿನ್ನ ಬೆನ್ನು ನನ್ನ ಕಣ್ಣೆದುರೇ ಹರಿದಿತ್ತಲ್ಲ, ಆಗ ಯಾಕೆ ತಿಳಿಯಲಿಲ್ಲ ಎಂದು ನೀನು ಕೇಳಿದರೆ —

ಇವತ್ತು ಸಂತೆಯ ದಿನ, ಚಾವಡಿಯ ಮುಂದೆ ಜನ ಸೇರಿದ್ದರು. ಮೆಟ್ಟಿಲ ಮೇಲೆ ನಿಂತು ಹೇಳಿದೆ: "ದುರುಗಪ್ಪ ಆವತ್ತು ಅರಿವಿ ಎತ್ತಿದ್ದಿಲ್ಲ." ಜನ ನಕ್ಕರು. ಗೌಡರು ಖುಷಿಯಲ್ಲಿದ್ದಾರೆ, ಹಳೆಯ ತಮಾಷೆ ತೆಗೆದಿದ್ದಾರೆ ಅಂದುಕೊಂಡರು. ನಾನು ಮತ್ತೆ ಹೇಳಿದೆ, ಕೂಗಿ ಹೇಳಿದೆ. ಹೇಳಿದಷ್ಟೂ ನಗು ಹೆಚ್ಚಾಯಿತು. ನಿನ್ನ ಮಾತು ಆ ಚಾವಡಿಯಲ್ಲಿ ನಿಜವಾಗದಂತೆ ನಾನೇ ಮಾಡಿಟ್ಟಿದ್ದೆ.

ನಗದವನು ಒಬ್ಬನೇ. ಈಗ ಅವನಿಗೆ ಉಳಿದ ಕಣ್ಣೂ ಮಂಜು. ಕೋಲೂರಿಕೊಂಡು ಮುಂದೆ ಬಂದು ದುರುಗಪ್ಪ ಅಂದ, "ಇಲ್ಲಿ ಯಾಕ ಹೇಳ್ತೀರಿ ಗೌಡ್ರ. ಗೊರೇಬಾಳಕ್ಕ ನಡೀರಿ. ನಾನೂ ಬರ್ತೀನಿ, ನಂದೂ ಒಂದು ಸುಳ್ಳೈತಿ."

ನಾಳೆ ಬೆಳಕು ಹರಿದ ಕೂಡಲೇ ಹೊರಡುತ್ತೇವೆ. ಗಾಡಿ ಬೇಡ ಅಂದಿದ್ದಾನೆ, ಅವನ ಕೈ ಹಿಡಿದು ನಡೆಸಿಕೊಂಡು ಬರುತ್ತೇನೆ. ಅವನಿಗೆ ಬಾಗಿಲು ತೆರೆ, ಯಂಕಮ್ಮ — ಅವನು ಹೇಳಿದ ಸುಳ್ಳು ನನ್ನ ಬೆತ್ತದ್ದು. ನಾನು ಹೊರಗೆ ಬಿಸಿಲಲ್ಲಿ ನಿಂತಿರುತ್ತೇನೆ. ಮಣಿಕಟ್ಟಿನಲ್ಲಿ ಬಳೆಯ ಕಲೆ ಇನ್ನೂ ಇದ್ದರೆ ಅದನ್ನು ನೋಡಿಕೊಂಡೇ ಹೇಳುತ್ತೇನೆ. ನೀನು ಎಷ್ಟು ಸಲ ಕೇಳಿದರೂ ಅಷ್ಟು ಸಲ ಹೇಳುತ್ತೇನೆ.